ಮಕ್ಕಳ ವಾರ್ಡಿನ ಆ ಅಕ್ಕನಿಗೆ

ಕ್ಲಿನಿಕಲ್ ಸೈಕಾಲಜಿ ಎಂ.ಫಿಲ್‌ಗೆಂದು ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ 2 ವರ್ಷ ಕಲಿತೆ. ಮಕ್ಕಳ ವಿಭಾಗದಲ್ಲಿ ಮೊದಲ ವಾರವೇ ಸೋತೆ. ಮನೆಯಲ್ಲಿ ಪಟಪಟ ಮಾತನಾಡುವ, ಶಾಲೆಯಲ್ಲಿ ತುಟಿ ಬಿಚ್ಚದ ಪುಟ್ಟ ಹುಡುಗಿ ಮೇಜಿನ ಕೆಳಗೆ ನುಸುಳಿದ್ದಳು. ನಾನೋ, ಫೈಲು ಹಿಡಿದು ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದೆ. ಸೆಲೆಕ್ಟಿವ್ ಮ್ಯೂಟಿಸಂ (ಆತಂಕದಿಂದ ಕೆಲವೆಡೆ ಮಾತೇ ಹೊರಡದ ತೊಂದರೆ) ಇರುವ ಇಂಥ ಮಗುವನ್ನು ಮಾತಿಗೆ ಒತ್ತಾಯಿಸಬಾರದೆಂದು ಪರೀಕ್ಷೆಯಲ್ಲಿ ಪುಟಗಟ್ಟಲೆ ಬರೆದವಳೂ ನಾನೇ!

ನೆಲ ಒರೆಸುತ್ತಿದ್ದ ನೀವು, "ಮೇಡಂ, ಸ್ವಲ್ಪ ಕೆಳಗೆ ಕುಳಿತುಕೊಳ್ಳಿ" ಎಂದು ಎರಡು ಕ್ರೇಯಾನ್ ಕೈಗಿಟ್ಟು ಹೋದಿರಿ. ಕುಳಿತೆ. ಸುಮ್ಮನೆ ಒಂದು ಬೆಕ್ಕು ಬರೆದೆ, ಮಹಾ ಕೆಟ್ಟದಾಗಿ. ಅರ್ಧ ಗಂಟೆಯ ನಂತರ ಪುಟ್ಟ ಕೈಯೊಂದು ಬಂದು ಅದಕ್ಕೆ ಮೀಸೆ ಎಳೆಯಿತು.

ಹೆಸರು ಕೇಳೋಣವೆಂದು ಮರುದಿನ ಬಂದರೆ ನಿಮ್ಮ ಪಾಳಿ ಬದಲಾಗಿತ್ತು. ಅಕ್ಕಾ, ತುಂಬಾ ಧನ್ಯವಾದಗಳು. ಹಸಿರು ಕ್ರೇಯಾನ್ ಇನ್ನೂ ನನ್ನ ಬಳಿಯೇ ಇದೆ.