ಒರ್ಲ್ಯಾಂಡೊಗೆ ಹೊರಟ ಗೆಳೆಯನಿಗೆ: ರೈಡ್ ಬುಕಿಂಗ್ ಬಗ್ಗೆ

ಮೈಸೂರು

ಪ್ರಿಯ ನಾಗು,

ಡಿಸ್ನಿ ವರ್ಲ್ಡ್ ನೋಡಿ ಬಂದವರೆಲ್ಲ ಅಲ್ಲಿನ ಹೊಸ ರೈಡ್ ಬುಕಿಂಗನ್ನು, ಅಂದರೆ ದುಡ್ಡು ಕೊಟ್ಟು ಮೊದಲೇ ಸಮಯ ಗೊತ್ತುಮಾಡಿಕೊಂಡು ಬೇರೆ ಸಾಲಿನಲ್ಲಿ ರೈಡ್ ಹತ್ತುವ ಏರ್ಪಾಟನ್ನು, ಬೈಯುತ್ತಾರಲ್ಲ, ಅದಕ್ಕೆ ದುಡ್ಡು ಹಾಕಬೇಕಾ ಬೇಡವಾ ಅಂತ ಕೇಳಿದ್ದೀಯ. ಬೈಯುವವರ ಮಾತಿನಲ್ಲಿ ಬಹಳಷ್ಟು ನಿಜ ಇದೆ. ಆದರೂ ಮೊಮ್ಮಕ್ಕಳನ್ನು ಕರೆದುಕೊಂಡು ಹೋಗುವ ನೀನು ಒಂದು ದಿನದ ಮಟ್ಟಿಗಾದರೂ ಅದನ್ನು ಕೊಳ್ಳುವುದು ಒಳ್ಳೆಯದು.

ಮಂಡ್ಯದವನಾದ ನಿನಗೆ, ಯಾವ ದಿನ ಕಬ್ಬು ಕಡಿಯಬೇಕು ಅಂತ ಕಾರ್ಖಾನೆ ಕೊಡುವ ಕಟಿಂಗ್ ಆರ್ಡರ್ ಗೊತ್ತು. ಆರ್ಡರ್ ಕೊಟ್ಟ ಮಾತ್ರಕ್ಕೆ ಕಾರ್ಖಾನೆ ದಿನಕ್ಕೆ ಅರೆಯುವ ಟನ್ ಹೆಚ್ಚುವುದಿಲ್ಲ. ಗೇಟಿನ ಮುಂದೆ ಗಾಡಿ ಕಾಯುವ ಬದಲು ಗದ್ದೆಯಲ್ಲಿ ಕಬ್ಬು ಕಾಯುತ್ತದೆ, ಅಷ್ಟೇ. ರೈಡ್ ಬುಕಿಂಗ್ ಕೂಡ ಹಾಗೇ. ಗಂಟೆಗೆ 1,000 ಜನರನ್ನು ಹತ್ತಿಸಿಕೊಳ್ಳುವ ರೈಡ್ ಅಂದುಕೋ. ಅದರಲ್ಲಿ 750 ಸೀಟು ಬುಕಿಂಗ್‌ನವರಿಗೆ ಹೋದರೆ ಸಾಮಾನ್ಯ ಸಾಲಿಗೆ ಉಳಿಯುವುದು 250. ಆ ಸಾಲಿನಲ್ಲಿ 250 ಜನ ನಿಂತಿದ್ದರೆ ಕೊನೆಯವನಿಗೆ ಪೂರಾ ಒಂದು ಗಂಟೆ. ಬುಕಿಂಗ್ ಇಲ್ಲದ ಕಾಲದಲ್ಲಿ ಅಷ್ಟೇ ಉದ್ದದ ಸಾಲು 15 ನಿಮಿಷದಲ್ಲಿ ಕರಗುತ್ತಿತ್ತು. ಸಾಲಿನ ಉದ್ದ ನೋಡಿ ಎಷ್ಟು ಹೊತ್ತಾದೀತು ಅಂತ ಲೆಕ್ಕ ಹಾಕುವ ಅಭ್ಯಾಸ ಅಲ್ಲಿ ನಡೆಯುವುದಿಲ್ಲ. ಜನರ ಮೊದಲ ಸಿಟ್ಟು ಹುಟ್ಟುವುದು ಇಲ್ಲೇ: ಸಾಲು ಚಿಕ್ಕದು, ಆದರೆ ಮುಂದಕ್ಕೆ ಸರಿಯುವುದಿಲ್ಲ.

ಎರಡು ಸಾಲು ಕೂಡುವ ಜಾಗದಲ್ಲಿ ಒಬ್ಬ ಸಿಬ್ಬಂದಿ ನಿಂತು, ಆ ಕಡೆಯಿಂದ ಇಷ್ಟು ಜನ ಈ ಕಡೆಯಿಂದ ಇಷ್ಟು ಜನ ಅಂತ ಬಿಡುತ್ತಿರುತ್ತಾನೆ. ರೈಡ್ 40 ನಿಮಿಷ ಕೆಟ್ಟು ನಿಂತಿತು ಅನ್ನು. ಆ ಹೊತ್ತಿನ ಬುಕಿಂಗ್‌ನವರು ಕಾದಿದ್ದು, ರೈಡ್ ಶುರುವಾದ ಕೂಡಲೇ ಒಟ್ಟಿಗೆ ಬಂದುಬಿಡುತ್ತಾರೆ. ಅವರಿಗೆ ಸಮಯದ ಮಾತು ಕೊಟ್ಟಾಗಿದೆ. ಆದ್ದರಿಂದ ಅವರ ಸಾಲನ್ನು ಮೊದಲು ಕರಗಿಸುತ್ತಾರೆ, ಸಾಮಾನ್ಯ ಸಾಲು ನಿಂತಲ್ಲೇ ನಿಲ್ಲುತ್ತದೆ. ಬೋರ್ಡಿನಲ್ಲಿ 50 ನಿಮಿಷ ಅಂತ ಓದಿ ನಿಂತವರು ಗಂಟೆಗಟ್ಟಲೆ ಕಾಯುವುದು ಹೆಚ್ಚಾಗಿ ಇಂಥ ಹೊತ್ತಿನಲ್ಲಿ. ರೈಡ್ ಈಗಷ್ಟೇ ಮತ್ತೆ ಶುರುವಾಗಿದೆ ಅಂತ ಗೊತ್ತಾದರೆ ಆ ಸಾಲಿಗೆ ಸೇರಬೇಡ, ಊಟ ಮುಗಿಸಿಕೊಂಡು ಬಾ.

ಸರತಿ ಸಾಲುಗಳನ್ನು ಅಭ್ಯಾಸ ಮಾಡಿದ, ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ರಿಚರ್ಡ್ ಲಾರ್ಸನ್ 1987ರಲ್ಲೇ ಬರೆದಿದ್ದರು: ಕಾಯುವುದಕ್ಕಿಂತ, ಹಿಂದೆ ಬಂದವನು ಮುಂದೆ ಹೋಗುವುದು ಜನರನ್ನು ಹೆಚ್ಚು ನೋಯಿಸುತ್ತದೆ. ಡಿಸ್ನಿ 1999ರಲ್ಲಿ ಫಾಸ್ಟ್‌ಪಾಸ್ ತಂದಾಗ ಅದು ಉಚಿತವಾಗಿತ್ತು. ರೈಡಿನ ಬಳಿಯ ಯಂತ್ರಕ್ಕೆ ಪ್ರವೇಶದ ಟಿಕೆಟ್ ತೂರಿಸಿದರೆ, ಯಾವ ಒಂದು ಗಂಟೆಯ ಒಳಗೆ ಬರಬೇಕು ಅಂತ ಅಚ್ಚಾದ ಚೀಟಿ ಬರುತ್ತಿತ್ತು. ಬೇಗ ಎದ್ದು ಹೋದವನಿಗೆ ಸಿಗುತ್ತಿತ್ತು, ಹಾಗಾಗಿ ನ್ಯಾಯ ಅನ್ನಿಸುತ್ತಿತ್ತು. 2013ರ ನಂತರ ಫಾಸ್ಟ್‌ಪಾಸ್ ಪ್ಲಸ್ ಬಂತು. ಡಿಸ್ನಿಯ ಹೋಟೆಲ್‌ನಲ್ಲಿ ಉಳಿಯುವವರು 60 ದಿನ ಮೊದಲು, ಉಳಿದವರು 30 ದಿನ ಮೊದಲು ರೈಡ್ ಆರಿಸಿಕೊಳ್ಳಬಹುದಿತ್ತು. ಎರಡು ತಿಂಗಳ ಮುಂಚೆಯೇ ಯಾವ ಮಧ್ಯಾಹ್ನ ಯಾವ ರೈಡ್ ಅಂತ ಹೇಗೆ ಹೇಳುವುದು ಅಂತ ಆಗ ಬೈದರು. 2021ರ ಅಕ್ಟೋಬರ್‌ನಲ್ಲಿ ಅದರ ಜಾಗಕ್ಕೆ ಜೀನಿ ಪ್ಲಸ್ ಬಂತು, ತಲೆಗೆ ದಿನಕ್ಕೆ 15 ಡಾಲರ್‌ನಿಂದ ಶುರು. ಇಪ್ಪತ್ತು ವರ್ಷ ಪುಕ್ಕಟೆ ಸಿಕ್ಕಿದ್ದಕ್ಕೆ ಬೆಲೆ ಕಟ್ಟಿದಾಗ ಹಳಬರಿಗೆ ನೋವಾಗಿದ್ದು ಸಹಜ, ಅವರ ಪಕ್ಷವೇ ಸರಿ ಅಂತ ನನಗೂ ಅನ್ನಿಸುತ್ತದೆ. ಐದು ಜನರ ಕುಟುಂಬಕ್ಕೆ ಅದು ಸಣ್ಣ ಮೊತ್ತ ಅಲ್ಲ.

ಎಲ್ಲರಿಗೂ ಉಚಿತವಾಗಿ ಕೊಟ್ಟರೆ ಸರಿಹೋಗುತ್ತಾ ಅಂದರೆ ಅದೂ ಪೂರ್ತಿ ಇಲ್ಲ. ಅದೇ ಒರ್ಲ್ಯಾಂಡೊದಲ್ಲಿ ಯೂನಿವರ್ಸಲ್‌ನವರು 2017ರಲ್ಲಿ ವೋಲ್ಕೆನೊ ಬೇ ವಾಟರ್ ಪಾರ್ಕ್ ತೆರೆದಾಗ ಪ್ರತಿಯೊಬ್ಬರ ಕೈಗೂ ಟಾಪುಟಾಪು ಅನ್ನುವ ಪಟ್ಟಿ ಕಟ್ಟಿದರು. ಜಾರುಬಂಡಿಯ ಬಳಿ ಪಟ್ಟಿ ತಾಗಿಸಿದರೆ ಸಾಲಿನಲ್ಲಿ ಹೆಸರು ಸೇರುತ್ತಿತ್ತು, ಸರದಿ ಬಂದಾಗ ಪಟ್ಟಿಯೇ ತಿಳಿಸುತ್ತಿತ್ತು. ಒಂದು ಸಲಕ್ಕೆ ಒಂದೇ ಜಾರುಬಂಡಿ. ನಿಲ್ಲುವ ಕಷ್ಟ ಇಲ್ಲದಿದ್ದರೆ ಯಾರೂ ಸಾಲು ಬಿಡುವುದಿಲ್ಲ, ಎಲ್ಲರೂ ಯಾವುದಾದರೂ ಒಂದಕ್ಕೆ ಹೆಸರು ಕೊಟ್ಟೇ ಇರುತ್ತಾರೆ. ಹಾಗಾಗಿ ಕಾಯುವ ಸಮಯ ಗಂಟೆಗಟ್ಟಲೆ ಬೆಳೆಯಿತು. ಸಾಲಿನಲ್ಲಿ ಇರಬೇಕಾದ ಜನವೆಲ್ಲ ಕೊಳದಲ್ಲಿ, ಊಟದ ಹೋಟೆಲಿನಲ್ಲಿ, ದಾರಿಯಲ್ಲಿ ತುಂಬಿಕೊಂಡರು.

ಈಗ ನಿನ್ನ ಕೆಲಸ. 2024ರ ಜುಲೈನಿಂದ ಡಿಸ್ನಿಯ ಈ ಬುಕಿಂಗ್‌ನ ಹೆಸರು ಲೈಟ್ನಿಂಗ್ ಲೇನ್ ಮಲ್ಟಿ ಪಾಸ್. ಜೊತೆಗೆ, ಒಂದೊಂದೇ ದೊಡ್ಡ ರೈಡಿಗೆ ಬೇರೆಯಾಗಿ ಕೊಳ್ಳುವ ಸಿಂಗಲ್ ಪಾಸ್ ಇದೆ. ಬೆಲೆ ದಿನದಿಂದ ದಿನಕ್ಕೆ, ಪಾರ್ಕಿನಿಂದ ಪಾರ್ಕಿಗೆ ಬದಲಾಗುತ್ತದೆ. ಡಿಸ್ನಿಯ ಹೋಟೆಲಿನಲ್ಲಿ ಉಳಿದರೆ 7 ದಿನ ಮೊದಲು, ಹೊರಗೆ ಉಳಿದರೆ 3 ದಿನ ಮೊದಲು ಬುಕಿಂಗ್ ತೆರೆಯುತ್ತದೆ. ಸಮಯ ಒರ್ಲ್ಯಾಂಡೊ ಗಡಿಯಾರದಲ್ಲಿ ಬೆಳಿಗ್ಗೆ 7. ಮಗಳು ಇರುವ ಡಲ್ಲಾಸ್‌ನಲ್ಲಿ ಆಗ 6 ಗಂಟೆ, ಇದನ್ನು ಮರೆಯಬೇಡ. ಹಿಂದಿನ ದಿನವೇ ಡಿಸ್ನಿಯ ಆಪ್‌ನಲ್ಲಿ ಎಲ್ಲರ ಪ್ರವೇಶದ ಟಿಕೆಟ್ ಜೋಡಿಸಿ, ಮಗಳ ಕಾರ್ಡ್ ಸೇರಿಸಿಡಿ. ಟಿಕೆಟ್ ಜೋಡಿಸದ ಹೆಸರಿಗೆ ಪಾಸ್ ಸಿಗುವುದಿಲ್ಲ. ಚಿಕ್ಕ ಮೊಮ್ಮಗಳಿಗೆ ಇನ್ನೂ 3 ತುಂಬಿಲ್ಲ, ಅವಳಿಗೆ ಟಿಕೆಟ್ಟೂ ಬೇಡ, ಪಾಸೂ ಬೇಡ.

ಮೊದಲು ಮೂರು ರೈಡ್ ಆರಿಸಲು ಬಿಡುತ್ತಾರೆ. ಮ್ಯಾಜಿಕ್ ಕಿಂಗ್‌ಡಮ್‌ನಂಥ ಪಾರ್ಕಿನಲ್ಲಿ ಹೆಚ್ಚು ಬೇಡಿಕೆಯ ರೈಡ್‌ಗಳ ಗುಂಪಿನಿಂದ ಒಂದು, ಉಳಿದ ಗುಂಪಿನಿಂದ ಎರಡು. ಕೆಲವರು ಮೂರನ್ನೂ ಮಧ್ಯಾಹ್ನಕ್ಕೆ ಇಟ್ಟುಕೊಳ್ಳುತ್ತಾರೆ. ಹಾಗೆ ಮಾಡಬೇಡ. ಒಂದು ಪಾಸ್ ಬಳಸಿದ ಮೇಲಷ್ಟೇ ನಾಲ್ಕನೆಯದನ್ನು ಬುಕ್ ಮಾಡಲು ಬರುತ್ತದೆ. ಆದ್ದರಿಂದ ಮೊದಲನೆಯದು ಬೆಳಿಗ್ಗೆ ಬೇಗ ಇರಲಿ. ಅದನ್ನು ಸ್ಕ್ಯಾನ್ ಮಾಡಿದ ಕೂಡಲೇ, ಸಾಲಿನಲ್ಲಿ ನಡೆಯುತ್ತಲೇ, ಮುಂದಿನದನ್ನು ಹಿಡಿ. ಪೀಟರ್ ಪ್ಯಾನ್ಸ್ ಫ್ಲೈಟ್‌ಗೆ ಪಾಸ್ ಬೇಕೇ ಬೇಕು. ಅದರ ತೊಟ್ಟಿಲುಗಳು ಚಿಕ್ಕವು, ಕೂರಿಸಿಕೊಳ್ಳುವ ಜನ ಕಡಿಮೆ, ಎಳೆಯ ಮಕ್ಕಳೂ ಹತ್ತಬಹುದು, ಹಾಗಾಗಿ ಸಾಲು ಯಾವಾಗಲೂ ಉದ್ದ. ದೊಡ್ಡ ದೋಣಿಗಳು ಒಂದರ ಹಿಂದೊಂದು ಬರುವ ಪೈರೇಟ್ಸ್‌ನಂಥದಕ್ಕೆ ಪಾಸ್ ವ್ಯರ್ಥ ಮಾಡಬೇಡ.

ಸ್ಪೇಸ್ ಮೌಂಟನ್‌ಗೆ 112 ಸೆಂಟಿಮೀಟರ್ ಎತ್ತರ ಬೇಕು. ದೊಡ್ಡ ಮೊಮ್ಮಗನನ್ನು ಮನೆಯಲ್ಲೇ ಅಳೆದು ನೋಡು, ಅಲ್ಲಿ ಬಾಗಿಲವರೆಗೆ ಹೋಗಿ ವಾಪಸ್ ಬಂದರೆ ಮಗು ಅಳುತ್ತದೆ. ಚಿಕ್ಕವಳನ್ನು ಹತ್ತಿಸಲಾಗದ ರೈಡಿನಲ್ಲಿ ಬಾಗಿಲ ಬಳಿಯೇ ರೈಡರ್ ಸ್ವಿಚ್ ಕೇಳು. ಅಳಿಯ ಹೋಗಿ ಬರುವವರೆಗೆ ಮಗಳು ಮಗುವಿನ ಜೊತೆ ಹೊರಗಿರುತ್ತಾಳೆ, ಆಮೇಲೆ ಅವಳನ್ನು ಮತ್ತೆ ಸಾಲು ನಿಲ್ಲಿಸದೆ ಒಳಗೆ ಬಿಡುತ್ತಾರೆ. ಅದಕ್ಕೆ ಕಾಸಿಲ್ಲ. ಇದು ಗೊತ್ತಿಲ್ಲದೆ ಎಷ್ಟೋ ತಾಯಂದಿರು ಹೊರಗೇ ಉಳಿದುಬಿಡುತ್ತಾರೆ.

ನಿನ್ನ ಸಮಯಕ್ಕೆ ಸರಿಯಾಗಿ ರೈಡ್ ಕೆಟ್ಟರೆ ಗಾಬರಿಯಾಗಬೇಡ. ಆ ಪಾಸ್ ತಾನಾಗಿಯೇ ಬದಲಾಗಿ, ಆಪ್ ತೋರಿಸುವ ಬೇರೆ ರೈಡ್‌ಗಳಿಗೂ ನಡೆಯುತ್ತದೆ. ಆದರೆ ನೀನೇ ತಡವಾಗಿ ಹೋದರೆ ಆ ಅನುಕೂಲ ಇಲ್ಲ, ಕೊಟ್ಟ ಒಂದು ಗಂಟೆಯ ಒಳಗೇ ಇರಬೇಕು.

ಇನ್ನೊಂದು ದೂರು, ಪಾರ್ಕ್ ನೋಡಲು ಬಂದು ದಿನವೆಲ್ಲ ಫೋನ್ ನೋಡುವುದು. ನಿಜವೇ. ಆ ಕೆಲಸ ಅಳಿಯ ಒಬ್ಬನಿಗೇ ವಹಿಸಿಬಿಡಿ, ಪವರ್ ಬ್ಯಾಂಕ್ ಅವನ ಚೀಲದಲ್ಲಿರಲಿ. ಅತ್ತಿಗೆಯೂ ನೀನೂ ಮಕ್ಕಳ ಕಡೆ ನೋಡಿ. ಬುಕ್ ಮಾಡುವ ಬೆಳಿಗ್ಗೆ ಏನಾದರೂ ಸಿಕ್ಕಿಕೊಂಡರೆ ಫೋನ್ ಮಾಡು. ಮೇ ತಿಂಗಳಲ್ಲಿ ಅವರ 7 ಗಂಟೆ ಅಂದರೆ ನಮಗೆ ಸಂಜೆ 4:30, ನಾನು ಮನೆಯಲ್ಲೇ ಇರುತ್ತೇನೆ.

ನಿನ್ನ
ರವಿ