ಎಂತ ಆಗಿತ್ತು ಅಂತ ಕೇಳಿದರೆ

ಮಲ್ಪೆ

ಚಿ. ಶ್ರಾವ್ಯಳಿಗೆ ಮಾವನ ಆಶೀರ್ವಾದಗಳು.

ನಿನ್ನ ಮೇಲ್ ನಿನ್ನೆ ರಾತ್ರಿ ಓದಿದೆ. ಆಫೀಸಿನ ಲಿನಕ್ಸ್ ಬೋರ್ಡಿನ ಯುಎಸ್‌ಬಿ ಪೋರ್ಟಿಗೆ ಪೆನ್ ಡ್ರೈವ್ ಸಿಕ್ಕಿಸಿದರೆ ಬರುತ್ತಿರಲಿಲ್ಲ, ಈಗ ಬರುತ್ತಿದೆ ಅಂತ ಬರೆದಿದ್ದೀಯ. ಪಿಜಿಯ ಊಟ, ಬಾಡಿಗೆ ಎಲ್ಲ ನಿನ್ನ ಅಮ್ಮ ಆಗಲೇ ಹೇಳಿದ್ದಾಳೆ, ಅದು ಇರಲಿ. ಕೊನೆಯಲ್ಲಿ ಒಂದು ಸಾಲು ಬರೆದಿದ್ದೀಯಲ್ಲ, "ಯಾಕೆ ಸರಿಯಾಯ್ತು ಗೊತ್ತಿಲ್ಲ ಮಾವ, ಆದ್ರೆ ಸರಿಯಾಯ್ತು ಅಂತ ಸರ್‌ಗೆ ಹೇಳಿಬಿಟ್ಟೆ" ಅಂತ. ಅದು ನನ್ನ ನಿದ್ದೆ ಕೆಡಿಸಿತು ಮಾರಾಯ್ತಿ. ಹೊರಗೆ ಆಟಿ ತಿಂಗಳ ಮಳೆ. ಎದ್ದು ಕೂತೆ.

ಲಿನಕ್ಸ್ ನನಗೆಷ್ಟು ಗೊತ್ತು? ಅಂಗಡಿ ಮುಚ್ಚಿದ ಮೇಲೆ ರಾಸ್ಪ್‌ಬೆರಿ ಪೈ ಅಂತ ಒಂದು ಪುಟ್ಟ ಕಂಪ್ಯೂಟರ್ ಇಟ್ಟುಕೊಂಡು ಆಡುತ್ತೇನೆ, ಅಷ್ಟೇ. ಆದರೂ ಹೇಳುತ್ತೇನೆ. ನೀನು ಕೇಬಲ್ ಬದಲಾಯಿಸಿದೆ, ಬೋರ್ಡಿನಲ್ಲಿ ಏನೇನಿದೆ ಅಂತ ಲಿನಕ್ಸ್‌ಗೆ ಹೇಳುವ ಡಿವೈಸ್ ಟ್ರೀ ಫೈಲಿನಲ್ಲಿ ಆ ಪೋರ್ಟಿಗೆ ಓಟಿಜಿ (ಯಜಮಾನನೂ ಆಗಬಹುದು, ಆಳೂ ಆಗಬಹುದು) ಅಂತ ಇದ್ದದ್ದನ್ನು ಹೋಸ್ಟ್ (ಬರೀ ಯಜಮಾನ) ಮಾಡಿದೆ, ರೀಬೂಟ್ ಮಾಡಿದೆ. ಮೂರೂ ಒಂದೇ ಸಲಕ್ಕೆ. ಪೆನ್ ಡ್ರೈವ್ ಬಂತು. ಆದರೆ ಅದಕ್ಕೂ ಮೊದಲು ಲಿನಕ್ಸ್ ತಾನೇ ಬರೆದಿಡುವ ಕರ್ನಲ್ ಲಾಗ್‌ನಲ್ಲಿ ಎರರ್ -71 ಬರುತ್ತಿತ್ತು ಅಂತ ನೀನೇ ಬರೆದಿದ್ದೀಯ. ಅಂದರೆ ಪೆನ್ ಡ್ರೈವ್ ಸಿಕ್ಕಿಸಿದ್ದು ಬೋರ್ಡಿಗೆ ಗೊತ್ತಾಗಿದೆ. "ನೀನು ಯಾರು" ಅಂತ ಬೋರ್ಡು ಅದನ್ನು ಕೇಳಿದೆ. ಉತ್ತರ ಕೆಟ್ಟು ಬಂದಿದೆ. ಓಟಿಜಿ ಇಟ್ಟಾಗ ಕೇಬಲಿನ ತುದಿಯ ಐಡಿ ಪಿನ್ ಗ್ರೌಂಡಿಗೆ ತಾಗಿದರೆ ಮಾತ್ರ ಬೋರ್ಡು ಹೋಸ್ಟ್ ಆಗುವುದು. ಹೋಸ್ಟ್ ಆಗಿರದಿದ್ದರೆ ಆ ಎರರ್ ಕೂಡ ಬರುತ್ತಿರಲಿಲ್ಲ, ಅಲ್ವಾ? ಹಾಗಾಗಿ ಡಿವೈಸ್ ಟ್ರೀ ಮೇಲೆ ನನಗೆ ಸಂಶಯ ಇಲ್ಲ. ಉಳಿದದ್ದು ಕೇಬಲ್, ಇಲ್ಲವೇ ಪೋರ್ಟಿನಿಂದ ಪೆನ್ ಡ್ರೈವಿಗೆ ಹೋಗುವ ಆ ಐದು ವೋಲ್ಟ್.

ಆದರೆ ನನ್ನ ತಲೆ ತಿನ್ನುತ್ತಿರುವುದು ಪೋರ್ಟ್ ಅಲ್ಲ. ನೀನು ಸರ್‌ಗೆ ಹೇಳಿದ ಮಾತು.

ಆಗ ನನಗೆ ಇಪ್ಪತ್ತೆಂಟು. ಮಳೆಗಾಲದ ರಜೆಯಲ್ಲಿ ಬೋಟುಗಳು ಕಡಲಿಗೆ ಇಳಿಯುವ ಹಾಗಿಲ್ಲವಲ್ಲ, ರಿಪೇರಿಯೆಲ್ಲ ಆ ದಿನಗಳಲ್ಲೇ. ಕೊನೆಯ ವಾರ ಅಂಗಡಿಯಲ್ಲಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ಬೋಟು ನಡೆಸುವ ಒಬ್ಬ ತಾಂಡೇಲರು ವೈರ್‌ಲೆಸ್ ಸೆಟ್ ತಂದರು. ಬಿಚ್ಚಿದೆ, ಬ್ರಷ್ ಹಾಕಿದೆ, ಫ್ಯೂಸ್ ಬದಲಾಯಿಸಿದೆ, ಆಂಟೆನಾ ಕನೆಕ್ಟರ್ ಬಿಗಿ ಮಾಡಿದೆ. ಮಾತಾಡಿತು. "ಎಂತ ಆಗಿತ್ತು ಮಾರಾಯ್ರೆ?" ಅಂದರು. "ಫ್ಯೂಸ್" ಅಂದೆ. ನೋಡು, ನನಗೆ ಗೊತ್ತೇ ಇರಲಿಲ್ಲ. ಹೊಸ ಫ್ಯೂಸ್ ಕೈಯಲ್ಲಿತ್ತು, ಅದೇ ಬಾಯಿಗೆ ಬಂತು.

ಐದನೇ ದಿನ ಕಡಲಲ್ಲಿ ಅವರ ಎಂಜಿನ್ ನಿಂತಿತು. ಸೆಟ್ ತೆಗೆದರೆ ಸದ್ದೇ ಇಲ್ಲ. ಒಂದೂವರೆ ದಿನ ಹಾಗೇ ತೇಲಿದರು, ಆಮೇಲೆ ಬೇರೆ ಬೋಟಿನವರು ಕಂಡು ಎಳೆದು ತಂದರು. ಯಾರಿಗೂ ಏನೂ ಆಗಲಿಲ್ಲ. ಮತ್ತೆ ಬಿಚ್ಚಿದಾಗ ಕನೆಕ್ಟರಿನ ಒಳಗೆ ಬೆಸುಗೆ ಬಿರುಕು ಬಿಟ್ಟು ಹಸಿರು ಕಿಲುಬು ಹಿಡಿದಿತ್ತು. ನಾನು ಬಿಗಿ ಮಾಡಿದಾಗ ಸುಮ್ನೆ ತಾಗಿ ನಿಂತಿತ್ತು ಅಷ್ಟೇ. "ಉಪ್ಪು ಗಾಳಿ, ಏನು ಮಾಡುವುದು" ಅಂದೆ. ಅವರು ಹೌದು ಅಂತ ತಲೆ ಆಡಿಸಿದರು. ದುಡ್ಡು ಕೂಡ ಕೊಟ್ಟರು, ತಗೊಂಡೆ. ನಿನ್ನ ಅತ್ತೆಗೂ ಇದನ್ನು ಹೇಳಿಲ್ಲ. ಆಮೇಲೆ ಬಂದರಿನ ಧಕ್ಕೆಯಲ್ಲಿ ಅವರು ಕಂಡರೆ ನಾನು ಐಸ್ ಪ್ಲಾಂಟಿನ ಹಿಂದಿನ ದಾರಿ ಹಿಡಿಯುತ್ತಿದ್ದೆ.

ನಿನ್ನ ಬೋರ್ಡು ಕಡಲಿಗೆ ಹೋಗುವುದಿಲ್ಲ, ಗೊತ್ತು. ಆದರೂ ಸೋಮವಾರ ಇಪ್ಪತ್ತು ಬೋರ್ಡು ಗಿರಾಕಿಗೆ ಹೊರಡುತ್ತವೆ ಅಂದೆಯಲ್ಲ.

ವೋಲ್ಟೇಜ್ ಅಳೆಯುವುದಾದರೆ ಖಾಲಿ ಪೋರ್ಟಿನಲ್ಲಿ ಅಳೆಯಬೇಡ, ಖಾಲಿಯಿದ್ದಾಗ ಎಲ್ಲವೂ ಐದೇ ತೋರಿಸುತ್ತವೆ. 500 ಮಿಲಿ ಆಂಪಿಯರ್ ಎಳೆಯುವಾಗ 4.75ಕ್ಕಿಂತ ಇಳಿಯುತ್ತದಾ ನೋಡು. ಸಿಕ್ಕಿಸುವ ಕ್ಷಣದ ಕುಸಿತ ಮಲ್ಟಿಮೀಟರಿಗೆ ಕಾಣುವುದಿಲ್ಲ, ಆಸಿಲೋಸ್ಕೋಪ್ ಬೇಕು. ನಿಮ್ಮ ಆಫೀಸಿನಲ್ಲಿ ಇದ್ದೇ ಇರುತ್ತದೆ, ನಾನು ಹೇಳಬೇಕಾ. ಸ್ವಂತ ಅಡಾಪ್ಟರ್ ಇರುವ ಹಬ್ ನಡುವೆ ಹಾಕಿದಾಗ ತೊಂದರೆ ಹೋದರೆ ಸಂಶಯ ಕರೆಂಟಿನ ಮೇಲೆ. ಇದೆಲ್ಲ ನಿನಗೆ ಗೊತ್ತಿರಬಹುದು, ಮುದುಕನ ಚಟ ಅಂದುಕೋ.

ಸರ್ ಹತ್ತಿರ "ಈಗ ನಡೆಯುತ್ತಿದೆ, ಯಾಕೆ ಅಂತ ಇನ್ನೂ ಗೊತ್ತಿಲ್ಲ, ಎರಡು ದಿನ ಬೇಕು" ಅಂತ ಹೇಳಲಿಕ್ಕೆ ಆಗುತ್ತದಾ? ಬೈಯಬಹುದು. ನಾನಿದ್ದಿದ್ದರೆ ಹೇಳುತ್ತಿದ್ದೆ ಅಂತ ಬರೆಯಲು ಹೊರಟೆ, ಆದರೆ ನಾನು ಹೇಳಲಿಲ್ಲವಲ್ಲ.

ಹೇಳುವ ಮೊದಲು ಹಳೆ ಕೇಬಲ್ ಮತ್ತೆ ಹಾಕಿ ನೋಡು. ಬೇರೆ ಏನೂ ಮುಟ್ಟಬೇಡ, ಅದೊಂದೇ. -71 ತಿರುಗಿ ಬಂದರೆ ನಿನಗೆ ಹೇಳಲು ಒಂದು ಕಾರಣ ಸಿಕ್ಕಿತು. ಬಿಸಾಡಿಲ್ಲ ಅಲ್ವಾ ಅದನ್ನು?

ನಿನ್ನ ಮಾವ