ಮಗಳಿಗೊಂದು ಪತ್ರ: ಜೋಡಿ ಗುಲಾಮ ಮತ್ತು ಆಲ್-ಇನ್

ದಾವಣಗೆರೆ

ಚಿ. ಪುಟ್ಟಿಗೆ ಅಮ್ಮನ ಆಶೀರ್ವಾದ.

ಪೋಕರ್ ಆಟದಲ್ಲಿ ಕೈಯ ಎರಡೆಲೆ ಜೋಡಿ ಗುಲಾಮ, ಫ್ಲಾಪ್ (ಮೇಜಿನ ನಡುವೆ ತೆರೆಯುವ ಮೊದಲ ಮೂರು ಎಲೆ) ಬೀಳುವ ಮೊದಲೇ ಎದುರಿನವನು ಆಲ್-ಇನ್ ಅಂದ, ಅಂದರೆ ಇದ್ದದ್ದನ್ನೆಲ್ಲ ನೂಕಿದ; ಕಾಲ್ ಮಾಡಿ ಅಷ್ಟೇ ಹಾಕಬೇಕಿತ್ತಾ, ಎಲೆ ಬಿಡಬೇಕಿತ್ತಾ ಅಂತ ಕೇಳಿದ್ದೀಯ. ಎಲೆ ಹೇಳಿದೆ, ಚಿಪ್ಸ್ (ಪಣದ ಬಿಲ್ಲೆ) ಎಷ್ಟು ಅಂತ ಹೇಳಲೇ ಇಲ್ಲ. ನಮ್ಮ ಎಪಿಎಂಸಿಯಲ್ಲಿ ತೇವ ನೋಡದೆ ಮೆಕ್ಕೆಜೋಳಕ್ಕೆ ಯಾರಾದರೂ ದರ ಕಟ್ಟುತ್ತಾರಾ?

ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಹಾಕುವ ಕಡ್ಡಾಯ ಪಣ, 5-10 ಅಂತಿಟ್ಟುಕೋ. ನೀನು 30ಕ್ಕೆ ಏರಿಸಿದೆ, ಅವನು 1000 ನೂಕಿದ, ಉಳಿದವರೆಲ್ಲ ಎಲೆ ಬಿಟ್ಟರು. ನಡುವೆ 1045 ಇದೆ. ನೀನು ಇನ್ನೂ ಹಾಕಬೇಕಾದ್ದು 970; ಹಾಕಿದರೆ ಪಾಟ್ (ನಡುವಿನ ಒಟ್ಟು ಪಣ) 2015. 970ನ್ನು 2015ರಿಂದ ಭಾಗಿಸಿದರೆ ಶೇ. 48. ನೂರರಲ್ಲಿ ಅಷ್ಟು ಸಲ ಗೆಲ್ಲುವ ಹಾಗಿದ್ದರೆ ಮಾತ್ರ ಕಾಲ್. ಮೊದಲು ಹಾಕಿದ 30 ಆಗಲೇ ಪಾಟಿನ ಪಾಲು. ‘ಇಷ್ಟು ಹಾಕಿಬಿಟ್ಟೆನಲ್ಲ’ ಅಂತ ಅದರ ಬೆನ್ನಿಗೆ ಉಳಿದದ್ದನ್ನೂ ಕಳಿಸಬೇಡ. ಮೊದಲಿಗೆ ನಿನ್ನ ಹತ್ತಿರ ಒಟ್ಟು 300 ಮಾತ್ರ ಇದ್ದಿದ್ದರೆ ಅವನ ಸಾವಿರದಲ್ಲೂ 300 ಮಾತ್ರ ಲೆಕ್ಕಕ್ಕೆ: 270 ಹಾಕಿ 615ಕ್ಕೆ ಆಡುತ್ತೀಯ, ಶೇ. 44 ಸಾಕು.

ಈಗ ಅವನ ಕೈ. ಸಣ್ಣ ಪಣದ ಮೇಜಿನಲ್ಲಿ ಗಂಟೆಗಟ್ಟಲೆ ಸುಮ್ಮನಿದ್ದವನು ಒಮ್ಮೆಗೇ ದೊಡ್ಡ ಬ್ಲೈಂಡಿನ ನೂರು ಪಟ್ಟು ನೂಕಿದರೆ ಅದು ಸಾಮಾನ್ಯವಾಗಿ ಹುಸಿಯಲ್ಲ. ಜೋಡಿ ಎಕ್ಕ, ಜೋಡಿ ರಾಜ, ಜೋಡಿ ರಾಣಿ, ಇಲ್ಲವೇ ಎಕ್ಕ-ರಾಜ ಅಂತ ತಿಳಿ. ಒಂದೊಂದು ಜೋಡಿ 6 ಬಗೆಯಲ್ಲಿ ಬರುತ್ತದೆ, ಒಟ್ಟು 18. ಎಕ್ಕ-ರಾಜ 16 ಬಗೆ. ದೊಡ್ಡ ಜೋಡಿಯ ಎದುರು ನಿನ್ನ ಗುಲಾಮರು ಗೆಲ್ಲುವುದು ನೂರಕ್ಕೆ ಸುಮಾರು 19, ಎಕ್ಕ-ರಾಜನ ಎದುರು 56. 18 ಸಲ 19, 16 ಸಲ 56 ಕೂಡಿಸಿ 34ರಿಂದ ಭಾಗಿಸಿದರೆ 36. 36 ಎಲ್ಲಿ, 48 ಎಲ್ಲಿ! ಜೋಡಿ ರಾಣಿಗೂ ಇಂಥವನ ಎದುರು ಸುಮಾರು 40 ಅಷ್ಟೇ, ಎಕ್ಕ-ರಾಜನಿಗೂ ಹೆಚ್ಚುಕಡಿಮೆ ಅಷ್ಟೇ. ರಾಣಿಯನ್ನು ಬಿಡುವುದು ಹೊಟ್ಟೆ ಉರಿಸುತ್ತದೆ, ಆದರೂ ಬಿಡು. ಜೋಡಿ ರಾಜನಿಗೆ 57; ಅಲ್ಲಿ ಹೆದರಿ ಎಲೆ ಎಸೆಯಬೇಡ.

ಅದೇ ಮನುಷ್ಯನ ಮುಂದೆ 100 ಚಿಪ್ಸ್ ಮಾತ್ರ ಇತ್ತು ಅನ್ನು. ನಡುವೆ 145, ನೀನು ಹಾಕುವುದು 70. 215ರಲ್ಲಿ 70 ಅಂದರೆ ಶೇ. 33. ಅದೇ ಗುಲಾಮರು, ಅದೇ 36, ಈಗ ಕಾಲ್ ಸರಿ. ಅಷ್ಟು ಕಡಿಮೆ ಚಿಪ್ಸ್ ಉಳಿದವನು ಸಣ್ಣ ಜೋಡಿ, ಎಕ್ಕ-ಹತ್ತು ಹಿಡಿದೂ ನೂಕುತ್ತಾನೆ; ಆಗ ನಿನ್ನ ಕೈಯೇ ಮೇಲು.

ಯಾರು ಯಾವ ಎಲೆಯಲ್ಲಿ ನೂಕುತ್ತಾರೆ ಅನ್ನುವುದು ನೀನು ಆಡದ ಸುತ್ತುಗಳಲ್ಲೇ ಗೊತ್ತಾಗುವುದು. ಆಗ ಮಂಡಕ್ಕಿ-ಮಿರ್ಚಿ ಕಡೆ ತಿರುಗಬೇಡ, ಕೊನೆಗೆ ತೆರೆದ ಎಲೆ ನೋಡಿ ನೆನಪಿಟ್ಟುಕೋ. ನಿನ್ನ ನಂತರ ಇನ್ನೂ ಯಾರದಾದರೂ ಸರದಿ ಬಾಕಿಯಿದ್ದರೆ ಇನ್ನಷ್ಟು ಬಿಗಿ ಹಿಡಿ; ಅವರಲ್ಲೊಬ್ಬರು ಪಣ ಹಾಕಿ ಇಳಿದರೆ ಈ ಲೆಕ್ಕವೆಲ್ಲ ಕೆಡುತ್ತದೆ.

ಫೋನಿನಲ್ಲಿ ದುಡ್ಡು ಕಟ್ಟಿ ಮಾತ್ರ ಆಡಬೇಡಮ್ಮಾ, 2025ರ ಕೇಂದ್ರ ಕಾನೂನು ಅದನ್ನು ನಿಷೇಧಿಸಿದೆ. ಗೆಳತಿಯರ ಜೊತೆ ಚಿಪ್ಸ್ ಇಟ್ಟುಕೊಂಡು ಆಡು.

ಆವತ್ತು ಅವನ ಮುಂದೆ ಎಷ್ಟಿತ್ತು, ನಿನ್ನ ಮುಂದೆ ಎಷ್ಟಿತ್ತು, ನಿನ್ನ ನಂತರ ಎಷ್ಟು ಜನರ ಸರದಿ ಬಾಕಿ ಇತ್ತು, ಬರೆದು ಕಳಿಸು. ಆಮೇಲೆ ಹೇಳುತ್ತೇನೆ.

ಅಮ್ಮ